ಮೆಟ್ರೊಗೆ ಒಂದು ಉಡುಪು, ಕಾರಿಗೆ ಒಂದು: ಈಜಿಪ್ಟಿನವರ ಉಡುಗೆಯ ಹಿಂದಿನ ಲೆಕ್ಕ

ಕೈರೋ ಮೆಟ್ರೊ ರೈಲಿನಲ್ಲಿ ನಡುವಿನ ಎರಡು ಬೋಗಿಗಳು ಹೆಂಗಸರಿಗೆ ಮೀಸಲು. ಕಚೇರಿ, ಕಾಲೇಜಿಗೆ ಹೊರಡುವ ಹೊತ್ತಿನಲ್ಲಿ ಆ ಬೋಗಿಗಳಲ್ಲಿ ನಿಂತರೆ ಈಜಿಪ್ಟಿನ ನಗರದ ಹೆಂಗಸರು ಏನೇನು ಉಡುತ್ತಾರೆ ಎಂಬುದರ ಬಹುಪಾಲು ಒಂದೇ ಕಡೆ ಸಿಗುತ್ತದೆ. ಜೀನ್ಸು, ಮೊಣಕಾಲು ಮುಟ್ಟುವ ಸಡಿಲ ಅಂಗಿ, ಮೇಲೆ ಶಿಫಾನಿನ ತಲೆವಸ್ತ್ರ ತೊಟ್ಟ ವಿದ್ಯಾರ್ಥಿನಿ. ಅಬಾಯಾ ಎಂಬ ಕಪ್ಪು ಸಡಿಲ ನಿಲುವಂಗಿಯಲ್ಲಿ ತರಕಾರಿ ಚೀಲ ಹಿಡಿದು ನಿಂತ ಗೃಹಿಣಿ. ಸೊಂಟದವರೆಗೆ ಇಳಿಬಿದ್ದ ಖಿಮಾರ್ ಎಂಬ ಮುಸುಕು ತೊಟ್ಟ ಶಿಕ್ಷಕಿ. ಕೈಗವಸಿನ ಸಮೇತ, ಕಣ್ಣು ಬಿಟ್ಟು ಮುಖವೆಲ್ಲ ಮುಚ್ಚುವ ನಿಕಾಬ್ ಧರಿಸಿದವರು. ಕೂದಲು ಇಳಿಬಿಟ್ಟ, ಮಣಿಕಟ್ಟಿನ ಒಳಬದಿಯಲ್ಲಿ ಪುಟ್ಟ ಶಿಲುಬೆಯ ಹಚ್ಚೆ ಇರುವ ಕಾಪ್ಟಿಕ್ ಕ್ರೈಸ್ತ ಹುಡುಗಿ.

ದೂರದಿಂದ ನೋಡುವ ನಮ್ಮಂಥವರ ಕಣ್ಣು ನೇರವಾಗಿ ತಲೆವಸ್ತ್ರದ ಮೇಲೆ ಹೋಗುತ್ತದೆ. ಇದೆಯೋ ಇಲ್ಲವೋ, ಅಷ್ಟೇ ನಮಗೆ ಬೇಕು. ಅದೇ ಬೋಗಿಯಲ್ಲಿರುವ ಈಜಿಪ್ಟಿನವಳು ನೋಡುವುದು ಬೇರೆಯದನ್ನು. ಆ ವಸ್ತ್ರ ಯಾವ ಬಟ್ಟೆಯದು, ಎಲ್ಲಿ ಪಿನ್ ಹಾಕಿದ್ದಾಳೆ, ಕತ್ತು ಕಾಣುತ್ತದೆಯೇ, ಬೂಟು ಎಲ್ಲಿ ಕೊಂಡದ್ದು, ಅಬಾಯಾದ ತೋಳಿನ ಕಸೂತಿ ಕೈಯದೋ ಯಂತ್ರದ್ದೋ ಎಂಬುದನ್ನೆಲ್ಲ ಆಕೆ ಒಂದೇ ನೋಟದಲ್ಲಿ ಅಳೆದುಬಿಡುತ್ತಾಳೆ. ಇವಳು ಯಾವ ಬಡಾವಣೆಯವಳು, ಎಷ್ಟು ಓದಿರಬಹುದು, ಮನೆಯ ಸ್ಥಿತಿ ಹೇಗೆ ಎಂದು ಸುಮಾರಾಗಿ ಊಹಿಸುತ್ತಾಳೆ. ಈಜಿಪ್ಟಿನ ಉಡುಗೆಯಲ್ಲಿ ಧರ್ಮದ ಪಾತ್ರ ದೊಡ್ಡದು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಧರ್ಮವೊಂದನ್ನೇ ಹಿಡಿದುಕೊಂಡರೆ ಅಲ್ಲಿನ ಯಾವ ಬದಲಾವಣೆಯೂ ಪೂರ್ತಿ ಅರ್ಥವಾಗುವುದಿಲ್ಲ. ವರ್ಗ, ಹಣ, ದಾರಿ ಈ ಮೂರನ್ನು ಜೊತೆಗೆ ಇಟ್ಟುಕೊಳ್ಳಬೇಕು. ದಾರಿ ಎಂದರೆ ಮನೆಯಿಂದ ಹೊರಟವರು ತಲುಪಬೇಕಾದ ಜಾಗವನ್ನು ಯಾವ ವಾಹನದಲ್ಲಿ, ಯಾರ ಕಣ್ಣೆದುರು ತಲುಪುತ್ತಾರೆ ಎಂಬುದು.

ನಿಲುವಂಗಿ ಮತ್ತು ಸೂಟು

ಗಂಡಸರಿಂದಲೇ ಶುರು ಮಾಡುವುದು ಸುಲಭ. ಈಜಿಪ್ಟಿನಲ್ಲಿ ಬಹುಕಾಲದಿಂದ ಎರಡು ಬಗೆಯ ದರ್ಜಿಗಳಿದ್ದಾರೆ. ಬಲದಿ ದರ್ಜಿ ಹೊಲಿಯುವುದು ಊರಿನ ಉಡುಪು, ಅಫ್ರಂಗಿ ದರ್ಜಿ ಹೊಲಿಯುವುದು ಯುರೋಪಿನ ಮಾದರಿಯದು. ಬಲದಿ ದರ್ಜಿಯ ಮುಖ್ಯ ಕೆಲಸ ಗಲಾಬಿಯ್ಯಾ. ಹೆಗಲಿನಿಂದ ಕಣಕಾಲಿನವರೆಗೆ ಇಳಿಯುವ, ಅಗಲ ತೋಳಿನ ನಿಲುವಂಗಿ ಅದು. ನೈಲ್ ದಂಡೆಯ ರೈತನಿಗೆ ಅದರಷ್ಟು ಅನುಕೂಲದ ಉಡುಪು ಮತ್ತೊಂದಿಲ್ಲ. ಬಿಸಿಲಿಗೆ ಒಳಗೆ ಗಾಳಿ ಆಡುತ್ತದೆ, ಕೆಸರಿನ ಗದ್ದೆಗೆ ಇಳಿಯುವಾಗ ಎತ್ತಿ ಸೊಂಟಕ್ಕೆ ಕಟ್ಟಿಕೊಳ್ಳಬಹುದು.

ಎಲ್ಲ ಗಲಾಬಿಯ್ಯಾ ಒಂದೇ ಅಲ್ಲ. ಸಯೀದ್ ಎಂದು ಕರೆಯುವ ದಕ್ಷಿಣದ ಮೇಲಿನ ಈಜಿಪ್ಟಿನಲ್ಲಿ ಗಲಾಬಿಯ್ಯಾ ಎಂದರೆ ಗೌರವದ ಉಡುಪು. ಚಳಿಗಾಲಕ್ಕೆ ಒಳ್ಳೆಯ ಉಣ್ಣೆಯದು, ಬೇಸಿಗೆಗೆ ತೆಳು ಹತ್ತಿಯದು, ತಲೆಗೆ ಸುತ್ತುವ ಬಿಳಿ ರುಮಾಲು, ಹೆಗಲ ಮೇಲೊಂದು ಶಾಲು. ಅಳತೆ ಕೊಟ್ಟು ಹೊಲಿಸಿದ ಉಣ್ಣೆಯ ಗಲಾಬಿಯ್ಯಾ ಅಂಗಡಿಯಲ್ಲಿ ಸಿಗುವ ಸೂಟಿಗಿಂತ ದುಬಾರಿಯಾಗುವುದೂ ಉಂಟು. ಸಯೀದಿನಿಂದ ಗೆದ್ದು ಬಂದ ಸಂಸದರು ಅದನ್ನೇ ತೊಟ್ಟು ಸಂಸತ್ತಿನಲ್ಲಿ ಕೂರುತ್ತಾರೆ. ಅದೇ ಉಡುಪಿನಲ್ಲಿ ರಾಜಧಾನಿಯ ಹೊಸ ಮಾಲಿಗೋ ಹೋಟೆಲಿಗೋ ಹೋದ ಸಯೀದಿ ಹಿರಿಯನನ್ನು ಬಾಗಿಲಲ್ಲೇ ತಡೆದರು ಎಂಬ ಸುದ್ದಿ ಆಗಾಗ ಬರುತ್ತದೆ, ಬಂದಾಗಲೆಲ್ಲ ದೊಡ್ಡ ಗಲಾಟೆಯಾಗುತ್ತದೆ. ಊರಿನಲ್ಲಿ ಮರ್ಯಾದೆ ತರುವ ಬಟ್ಟೆಗೆ ನಗರದ ಕಾವಲುಗಾರ ಬೇರೆಯೇ ಬೆಲೆ ಕಟ್ಟುತ್ತಾನೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿಯಾಗಿ ಕಾಣುತ್ತದೆ. ದೇಶದ ಅತಿ ಹಳೆಯ, ಹವಾಮಾನಕ್ಕೆ ಅತಿ ಹೊಂದುವ ಉಡುಪಿಗೆ ಆ ದೇಶದ್ದೇ ಬಾಗಿಲು ಮುಚ್ಚುವುದು ಸಣ್ಣ ವಿಷಯವಲ್ಲ.

ಈ ತಾರತಮ್ಯಕ್ಕೆ ಇತಿಹಾಸವಿದೆ. 19ನೇ ಶತಮಾನದಲ್ಲಿ ಈಜಿಪ್ಟನ್ನು ಆಳಿದ ಮುಹಮ್ಮದ್ ಅಲಿ ಮತ್ತು ಅವನ ವಂಶಸ್ಥರು ಹೊಸ ಸೇನೆ, ಹೊಸ ಶಾಲೆ, ಹೊಸ ಕಚೇರಿಗಳನ್ನು ಕಟ್ಟಿದಾಗ ಅವುಗಳ ಜೊತೆಗೆ ಹೊಸ ಉಡುಪೂ ಬಂತು. ಓದಿ ಸರ್ಕಾರಿ ಕೆಲಸ ಹಿಡಿದವನು ಎಫೆಂದಿ ಎನಿಸಿಕೊಂಡ. ಅವನ ಗುರುತು ಯುರೋಪಿನ ಸೂಟು ಮತ್ತು ತಲೆಯ ಮೇಲೊಂದು ಕೆಂಪು ತರ್ಬೂಷ್. ನಮ್ಮಲ್ಲಿ ಹಲವರು ಅದನ್ನು ಟರ್ಕಿ ಟೋಪಿ ಎಂದೇ ಕರೆಯುತ್ತಾರೆ. ಧಾರ್ಮಿಕ ವಿದ್ಯಾಲಯ ಅಲ್ ಅಜ್ಹರಿನಲ್ಲಿ ಓದಿದವರದ್ದು ಬೇರೆ ವೇಷ: ಉದ್ದನೆಯ ಕಫ್ತಾನ್, ಅದರ ಮೇಲೊಂದು ನಿಲುವಂಗಿ, ತರ್ಬೂಷಿಗೆ ಸುತ್ತಿದ ಬಿಳಿ ಬಟ್ಟೆ. ಅಲ್ಲಿನ ವಿದ್ವಾಂಸರು ಇವತ್ತಿಗೂ ಇದನ್ನೇ ತೊಡುತ್ತಾರೆ. 1926ರಲ್ಲಿ ದಾರ್ ಅಲ್ ಉಲೂಮ್ ಎಂಬ ಶಿಕ್ಷಕರ ಕಾಲೇಜಿನ ವಿದ್ಯಾರ್ಥಿಗಳು ತಮಗೆ ಈ ರುಮಾಲು, ಕಫ್ತಾನ್ ಬೇಡ, ಸೂಟು ತರ್ಬೂಷ್ ಬೇಕು ಎಂದು ಹಟ ಹಿಡಿದರು. ಮೇಲ್ನೋಟಕ್ಕೆ ಹುಡುಗಾಟ ಎನಿಸಬಹುದು. ಆದರೆ ಒಂದು ಉಡುಪಿಗೆ ಒಂದು ಬಗೆಯ ಕೆಲಸ, ಇನ್ನೊಂದಕ್ಕೆ ಇನ್ನೊಂದು ಬಗೆಯದು ಸಿಗುತ್ತಿದ್ದ ಕಾಲದಲ್ಲಿ ಅದು ಹೊಟ್ಟೆಪಾಡಿನ ಪ್ರಶ್ನೆಯೂ ಆಗಿತ್ತು.

ತರ್ಬೂಷಿನ ಕಥೆ ಇನ್ನೂ ಸ್ವಾರಸ್ಯದ್ದು. ಟರ್ಕಿಯಲ್ಲಿ ಅಧ್ಯಕ್ಷ ಮುಸ್ತಫಾ ಕೆಮಾಲ್ 1925ರಲ್ಲಿ ಅದನ್ನು ನಿಷೇಧಿಸಿದ. ಈಜಿಪ್ಟಿನವರಿಗೆ ಅಷ್ಟೊತ್ತಿಗೆ ಅದು ತಮ್ಮದೇ ರಾಷ್ಟ್ರೀಯ ಟೋಪಿ ಆಗಿಹೋಗಿತ್ತು. 1932ರ ಅಕ್ಟೋಬರಿನಲ್ಲಿ ಅಂಕಾರಾದ ಔತಣಕೂಟವೊಂದರಲ್ಲಿ ಈಜಿಪ್ಟಿನ ರಾಯಭಾರಿ ಅಬ್ದೆಲ್ ಮಲಿಕ್ ಹಮ್ಜಾ ತರ್ಬೂಷ್ ಧರಿಸಿ ಬಂದಾಗ ಕೆಮಾಲ್ ಅದನ್ನು ತೆಗೆಸಿದ, ಎರಡು ದೇಶಗಳ ನಡುವೆ ರಾಜತಾಂತ್ರಿಕ ಮುನಿಸೇ ಹುಟ್ಟಿಕೊಂಡಿತು. ಅದಕ್ಕೂ ಮುಂಚೆ, 1931ರಲ್ಲಿ, ಅಹ್ಮದ್ ಹುಸೇನ್ ಎಂಬ ಯುವ ನಾಯಕನ ಮುಂದಾಳ್ತನದಲ್ಲಿ ವಿದ್ಯಾರ್ಥಿಗಳು ಜನರಿಂದ ಒಂದೊಂದು ಪಿಯಾಸ್ಟರ್ ಎಂಬ ಚಿಲ್ಲರೆ ಕಾಸಿನ ಚಂದಾ ಎತ್ತಿ ತರ್ಬೂಷ್ ಕಾರ್ಖಾನೆ ಕಟ್ಟಲು ಹೊರಟಿದ್ದರು. ಏಕೆಂದರೆ ದೇಶಾಭಿಮಾನದ ಈ ಟೋಪಿ ಬಹುಮಟ್ಟಿಗೆ ಯುರೋಪಿನಿಂದ ಆಮದಾಗುತ್ತಿತ್ತು. 1952ರ ಕ್ರಾಂತಿಯ ನಂತರ ಸೇನಾಧಿಕಾರಿಗಳ ಸರ್ಕಾರಕ್ಕೆ ಅದು ರಾಜಶಾಹಿಯ ಪಳೆಯುಳಿಕೆಯಂತೆ ಕಂಡಿತು, ಕೆಲವೇ ವರ್ಷಗಳಲ್ಲಿ ತಲೆಗಳಿಂದ ಮಾಯವಾಯಿತು. ಕೈರೋದ ಗೂರಿಯ್ಯಾದಲ್ಲಿ ಹಿತ್ತಾಳೆಯ ಅಚ್ಚಿನಲ್ಲಿ ತರ್ಬೂಷ್ ಒತ್ತುವ ಅಂಗಡಿ ಈಗಲೂ ಉಳಿದಿದ್ದರೆ ಅದು ಅಜ್ಹರಿನ ವಿದ್ವಾಂಸರು ಮತ್ತು ಪ್ರವಾಸಿಗರ ದೆಸೆಯಿಂದ.

ಹೊದಿಕೆ ಹೋದದ್ದು, ಬಂದದ್ದು

ಹೆಂಗಸರ ಉಡುಗೆಯ ಬಗ್ಗೆ ಅಂತರ್ಜಾಲದಲ್ಲಿ ಪದೇ ಪದೇ ಹಂಚಿಕೆಯಾಗುವ ಎರಡು ಚಿತ್ರಗಳಿವೆ. 1950–60ರ ದಶಕದ ಕೈರೋ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರು ಗಿಡ್ಡ ತೋಳಿನ ಫ್ರಾಕಿನಲ್ಲಿ, ಬರಿದಲೆಯಲ್ಲಿ ನಿಂತಿರುವುದು ಒಂದು. ಅದೇ ಜಾಗದಲ್ಲಿ ಇಂದಿನ ವಿದ್ಯಾರ್ಥಿನಿಯರು ಬಹುಪಾಲು ತಲೆವಸ್ತ್ರದಲ್ಲಿರುವುದು ಇನ್ನೊಂದು. ಮುಂದೆ ಹೋಗಿದ್ದ ದೇಶ ಹಿಂದೆ ಬಂತು ಎಂಬ ತೀರ್ಪು ಜೊತೆಯಲ್ಲೇ ಬರುತ್ತದೆ. ಚಿತ್ರಗಳು ಸುಳ್ಳಲ್ಲ, ತೀರ್ಪು ಮಾತ್ರ ಅವಸರದ್ದು. ಮೊದಲ ಚಿತ್ರದಲ್ಲಿ ಇರುವುದು ಯಾರು ಎಂದು ಕೇಳಿದರೆ ಕಥೆ ಬದಲಾಗುತ್ತದೆ.

ಸ್ವಲ್ಪ ಹಿಂದಿನಿಂದ ಬರೋಣ. 20ನೇ ಶತಮಾನದ ಆರಂಭದಲ್ಲಿ ನಗರದ ಸಿರಿವಂತ ಮನೆಗಳ ಹೆಂಗಸರು, ಮುಸ್ಲಿಮರಿರಲಿ ಕ್ರೈಸ್ತರಿರಲಿ, ಮುಖಪರದೆ ಹಾಕಿಕೊಂಡೇ ಹೊರಬರುತ್ತಿದ್ದರು. 1923ರಲ್ಲಿ ರೋಮಿನ ಮಹಿಳಾ ಸಮ್ಮೇಳನದಿಂದ ಮರಳಿದ ಮಹಿಳಾ ಹಕ್ಕುಗಳ ಹೋರಾಟಗಾರ್ತಿ ಹುದಾ ಶಾರಾವಿ ಕೈರೋ ರೈಲು ನಿಲ್ದಾಣದಲ್ಲಿ ಪರದೆ ಸರಿಸಿದ್ದು ಪ್ರಸಿದ್ಧ ಪ್ರಸಂಗ. ಅವರು ತೆಗೆದದ್ದು ಮುಖದ ಪರದೆಯನ್ನು, ತಲೆಯ ಮೇಲಿನ ಬಟ್ಟೆಯನ್ನಲ್ಲ. ಹೊಲದಲ್ಲಿ ದುಡಿಯುವ ಹೆಂಗಸಿಗೆ ಮುಖಪರದೆಯ ಹಂಗು ಆಗಲೂ ಅಷ್ಟಾಗಿ ಇರಲಿಲ್ಲ. ಅವಳ ತಲೆಗೊಂದು ಬಟ್ಟೆ, ಮೈಗೆ ಹೂವಿನ ಅಚ್ಚಿನ ನಿಲುವಂಗಿ, ಹೊರಗೆ ಹೋಗುವಾಗ ಮೇಲೊಂದು ಕಪ್ಪು ಹೊದಿಕೆ. ನಗರದ ಹಳೆಯ ಕೇರಿಗಳಲ್ಲಿ, ಅಲೆಕ್ಸಾಂಡ್ರಿಯಾದ ಬೆಸ್ತರ ಬೀದಿಗಳಲ್ಲಿ ಮಿಲಾಯಾ ಲಫ್ ಎಂಬ ಕಪ್ಪು ಚಾದರ ಬಳಕೆಯಲ್ಲಿತ್ತು. ಫ್ರಾಕಿನ ಮೇಲೆ ಅದನ್ನು ಮೈಗೆ ಬಿಗಿಯಾಗಿ ಸುತ್ತಿ, ಒಂದು ಅಂಚನ್ನು ತೋಳಿನಡಿ ಸಿಕ್ಕಿಸಿ ನಡೆಯುತ್ತಿದ್ದ ಹೆಂಗಸಿನ ಠೀವಿಯನ್ನು ಅಂದಿನ ಸಿನಿಮಾಗಳು ಮತ್ತೆ ಮತ್ತೆ ತೋರಿಸಿವೆ. ಈಗ ಅದು ಜಾನಪದ ನೃತ್ಯದ ವೇದಿಕೆಯ ಮೇಲಷ್ಟೇ ಉಳಿದಿದೆ.

1950–60ರ ದಶಕದ ವಿಶ್ವವಿದ್ಯಾಲಯದ ಆ ಚಿತ್ರದಲ್ಲಿ ಇರುವವರು ಮುಖ್ಯವಾಗಿ ಮೇಲ್ವರ್ಗದ, ಮೇಲ್ಮಧ್ಯಮ ವರ್ಗದ ಹೆಣ್ಣುಮಕ್ಕಳು. ಸಿಕುರೆಲ್, ಸೆದ್ನಾವಿಯಂಥ ದೊಡ್ಡ ಮಳಿಗೆಗಳಲ್ಲಿ ಪ್ಯಾರಿಸಿನ ಮಾದರಿ ನೋಡಿ ಬಟ್ಟೆ ಕೊಳ್ಳುತ್ತಿದ್ದ ಮನೆತನಗಳು ಅವರವು. ಆಮೇಲೆ ಅಧ್ಯಕ್ಷ ನಾಸರ್ ಸರ್ಕಾರ ಉನ್ನತ ಶಿಕ್ಷಣವನ್ನು ಉಚಿತ ಮಾಡಿತು. 1970ರ ದಶಕದ ಹೊತ್ತಿಗೆ ಹಳ್ಳಿಯಿಂದ, ಕಿರಿದಾದ ಕೇರಿಗಳಿಂದ ಮೊದಲ ತಲೆಮಾರಿನ ಹುಡುಗಿಯರು ಕಿಕ್ಕಿರಿದ ಬಸ್ಸುಗಳಲ್ಲಿ ಬಂದು ಕಿಕ್ಕಿರಿದ ತರಗತಿಗಳಲ್ಲಿ ಕೂರತೊಡಗಿದರು. ಅದೇ ಕಾಲಕ್ಕೆ 1967ರಲ್ಲಿ ಇಸ್ರೇಲ್ ಎದುರಿನ ಯುದ್ಧದ ಸೋಲಿನ ಆಘಾತವಿತ್ತು, ಕ್ಯಾಂಪಸ್ಸುಗಳಲ್ಲಿ ಇಸ್ಲಾಮಿ ವಿದ್ಯಾರ್ಥಿ ಗುಂಪುಗಳು ಬಲವಾಗುತ್ತಿದ್ದವು. 1974ರಿಂದ ನಾಸರ್ ನಂತರದ ಅಧ್ಯಕ್ಷ ಸಾದಾತ್ ಬಾಗಿಲು ತೆರೆದ ಆರ್ಥಿಕತೆಯಿಂದ ಕೆಲವರ ಕೈಯಲ್ಲಿ ಹೊಸ ದುಡ್ಡು ಕುಣಿಯುತ್ತಿತ್ತು, ಉಳಿದವರಿಗೆ ಬೆಲೆ ಏರಿಕೆ ಮಾತ್ರ ಸಿಕ್ಕಿತ್ತು. ಆ ಹುಡುಗಿಯ ಮುಂದೆ ಸರಳವಾದ ಉದ್ದನೆಯ ಉಡುಪು, ತಲೆವಸ್ತ್ರ ಬಂದಾಗ ಅದು ನಂಬಿಕೆಯ ಜೊತೆಗೆ ಇನ್ನೂ ಕೆಲವನ್ನು ತಂದಿತು: ಸಹಪಾಠಿಯ ದುಬಾರಿ ಫ್ಯಾಷನ್ನಿನ ಜೊತೆ ಪೈಪೋಟಿಗೆ ಇಳಿಯಬೇಕಿಲ್ಲ, ಬಸ್ಸಿನಲ್ಲಿ ತುಸು ರಕ್ಷಣೆ, ಹೊರಗೆ ಓದಲು ದುಡಿಯಲು ಹೋಗುವುದಕ್ಕೆ ಮನೆಯವರ ಒಪ್ಪಿಗೆ. ಅಜ್ಜಿಯ ಮಿಲಾಯಾ ಬಿಟ್ಟು ಅವಳು ತೊಟ್ಟದ್ದು ಹೊಸ ಉಡುಪು. ಹಾಗಾಗಿ ಇದನ್ನು ಹಳೆಯದಕ್ಕೆ ಮರಳಿದ್ದು ಎನ್ನುವುದು ಸರಿಯಲ್ಲ.

ಕೊಲ್ಲಿಯ ದಾರಿಯೂ ಇದಕ್ಕೆ ಸೇರಿಕೊಂಡಿತು. ಸೌದಿ, ಕುವೈತಿಗೆ ದುಡಿಯಲು ಹೋದ ಲಕ್ಷಾಂತರ ಕುಟುಂಬಗಳು ಮರಳುವಾಗ ಅಲ್ಲಿನ ಕಪ್ಪು ಅಬಾಯಾವನ್ನು ತಂದವು. ನಮ್ಮ ಕರಾವಳಿಯಲ್ಲೂ ಕೊಲ್ಲಿಯ ಸಂಪಾದನೆಯ ಜೊತೆ ಅಲ್ಲಿನ ಉಡುಪು ಮನೆಗೆ ಬಂದದ್ದನ್ನು ಕಂಡವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಈಜಿಪ್ಟಿನ ಹಳ್ಳಿಗಳಲ್ಲಿ ಊರಿಗೊಂದರಂತೆ ಇದ್ದ ಬಣ್ಣದ, ಎದೆಭಾಗದಲ್ಲಿ ನೆರಿಗೆ ಹಿಡಿದ ನಿಲುವಂಗಿಗಳ ಜಾಗವನ್ನು ಎಲ್ಲೆಡೆ ಒಂದೇ ತೆರನಾದ ಕಪ್ಪು ತುಂಬಿತು.

ತಲೆವಸ್ತ್ರದ ಫ್ಯಾಷನ್ನು

ಹಿಜಾಬ್ ಹೆಚ್ಚಿನವರ ಉಡುಗೆಯಾದ ಮೇಲೆ ಅದರೊಳಗೇ ಫ್ಯಾಷನ್ ಹುಟ್ಟಿತು. ಎಲ್ಲರೂ ತೊಡುವ ವಸ್ತುವಿನಲ್ಲಿ ತಾನು ಬೇರೆ ಕಾಣಬೇಕಲ್ಲ. 2000ದ ದಶಕದ ನಡುವೆ ಸ್ಪ್ಯಾನಿಷ್ ಸುತ್ತು ಎಂಬ ಶೈಲಿ ಹುಡುಗಿಯರಲ್ಲಿ ಹಬ್ಬಿತು. ವಸ್ತ್ರವನ್ನು ಹಿಂದಕ್ಕೆಳೆದು ತುರುಬಿನ ಸುತ್ತ ಗಂಟು ಹಾಕಿ, ಕತ್ತು ಮತ್ತು ದೊಡ್ಡ ಓಲೆ ಕಾಣುವಂತೆ ಬಿಡುವುದು ಅದರ ರೀತಿ. ಉಪದೇಶಕರು ಗೊಣಗಿದರು, ಹುಡುಗಿಯರು ಬಿಡಲಿಲ್ಲ. ಆಮೇಲೆ ಟರ್ಬನ್ ಬಂತು. ಈಗ ಮತ್ತೆ ಹಗುರ ಬಟ್ಟೆಯನ್ನು ಸಡಿಲವಾಗಿ ಹೊದ್ದು, ಮುಂದಲೆಯ ಒಂದೆರಡು ಎಳೆ ಕೂದಲು ಕಾಣುವಂತೆ ಬಿಡುವವರಿದ್ದಾರೆ. ವಸ್ತ್ರ ಜಾರದಂತೆ ಒಳಗೆ ತೊಡುವ ಹತ್ತಿಯ ಬೊನೆ ಎಂಬ ಒಳಟೋಪಿ, ಬಣ್ಣಬಣ್ಣದ ಪಿನ್ನು, ಮ್ಯಾಗ್ನೆಟ್ಟು ಇವೆಲ್ಲ ಸೇರಿ ಒಂದು ದೊಡ್ಡ ಮಾರುಕಟ್ಟೆಯೇ ಆಗಿದೆ. ದಿನದ ಮಾತಿನಲ್ಲಿ ಈ ತಲೆವಸ್ತ್ರಕ್ಕೆ ತರ್ಹಾ ಎನ್ನುತ್ತಾರೆ. ಮದುವೆ ಸೀರೆಗೆ ರವಿಕೆ ಹೊಂದಿಸುವಾಗ ನಮ್ಮ ಹೆಂಗಸರು ಬಟ್ಟೆ ತುಣುಕು ಹಿಡಿದು ಅಂಗಡಿ ಅಂಗಡಿ ಅಲೆಯುವ ಹಾಗೆ ಅಲ್ಲಿ ತರ್ಹಾದ ಬಣ್ಣ ಹೊಂದಿಸಲು ಅಲೆಯುತ್ತಾರೆ.

ಇದರಲ್ಲಿ ನನಗೆ ಬಹಳ ಹಿಡಿಸಿದ ಜಾಣ್ಮೆಯೆಂದರೆ ಬಾಡಿ. ಮೈಗಂಟುವ, ಉದ್ದ ತೋಳಿನ, ಎತ್ತರ ಕತ್ತಿನ ತೆಳು ಒಳಅಂಗಿ ಅದು. ಅದನ್ನು ಹಾಕಿಕೊಂಡರೆ ಯಾವ ತೋಳಿಲ್ಲದ ಫ್ರಾಕನ್ನೂ ಹಿಜಾಬಿಗೆ ಒಪ್ಪುವಂತೆ ಮೇಲೆ ತೊಡಬಹುದು. ಇದನ್ನು ಮಾರಿ ಹೆಸರಾದ ಕರೀನಾ ಎಂಬ ಸ್ಥಳೀಯ ಬ್ರಾಂಡಿನ ಹೆಸರು ಆ ಅಂಗಿಗೇ ಅಂಟಿಕೊಂಡಿದೆ. ಯುರೋಪಿನ ಬೇಸಿಗೆಗಾಗಿ ಹೊಲಿದ ಉಡುಪನ್ನು ಕೈರೋದ ಹುಡುಗಿ ಹೀಗೆ ತನ್ನ ಊರಿಗೆ ಒಗ್ಗಿಸಿಕೊಂಡಳು. ಇಸ್ದಾಲ್ ಇನ್ನೊಂದು. ತಲೆಯಿಂದ ಪಾದದವರೆಗೆ ಒಂದೇ ಎಳೆತಕ್ಕೆ ಹಾಕಿಕೊಳ್ಳಬಹುದಾದ ಈ ಉಡುಪು ನಮಾಜಿಗೆಂದು ಹೊಲಿದದ್ದು. ಬಾಗಿಲ ಗಂಟೆ ಬಾರಿಸಿದಾಗ, ಬಾಲ್ಕನಿಯಿಂದ ತರಕಾರಿಗೆ ಬುಟ್ಟಿ ಇಳಿಸುವಾಗ, ಕೆಳಗಿನ ಅಂಗಡಿಗೆ ಓಡುವಾಗ ಮನೆಯವರು ಮೊದಲು ಕೈ ಹಾಕುವುದು ಮೊಳೆಗೆ ತೂಗಿದ ಆ ಇಸ್ದಾಲಿಗೇ.

ನಿಕಾಬಿನ ವಿಷಯ ಬೇರೆ. ಅದನ್ನು ತೊಡುವವರು ಕಡಿಮೆ, ಅದರ ಸುತ್ತ ಜಗಳ ಜಾಸ್ತಿ. ಶಾಲೆಯಲ್ಲಿ ನಿಕಾಬ್ ತಡೆಯುವ ಅಧಿಕಾರ ಸರ್ಕಾರಕ್ಕಿದೆ ಎಂದು ಸಂವಿಧಾನ ನ್ಯಾಯಾಲಯ 1996ರಲ್ಲೇ ಹೇಳಿತ್ತು. ಕೈರೋ ವಿಶ್ವವಿದ್ಯಾಲಯ 2015ರಲ್ಲಿ ಪಾಠ ಮಾಡುವ ಸಿಬ್ಬಂದಿ ನಿಕಾಬ್ ಧರಿಸಬಾರದೆಂದಿತು, 2020ರಲ್ಲಿ ಉನ್ನತ ಆಡಳಿತ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2023ರ ಸೆಪ್ಟೆಂಬರಿನಲ್ಲಿ ಶಿಕ್ಷಣ ಸಚಿವಾಲಯ ಶಾಲಾ ವಿದ್ಯಾರ್ಥಿನಿಯರು ಮುಖ ಮುಚ್ಚುವುದನ್ನು ನಿಷೇಧಿಸಿ, ತಲೆವಸ್ತ್ರ ಅವರವರ ಆಯ್ಕೆ ಎಂದು ಆದೇಶ ಹೊರಡಿಸಿತು.

ಇನ್ನೊಂದು ಪರಿಣಾಮವನ್ನು ಹೊರಗಿನವರು ಗಮನಿಸುವುದು ಕಡಿಮೆ. ಹಳ್ಳಿಗಳಲ್ಲಿ ಕಾಪ್ಟಿಕ್ ಅಜ್ಜಿಯೂ ಮುಸ್ಲಿಂ ಅಜ್ಜಿಯೂ ತಲೆಗೆ ಬಟ್ಟೆ ಕಟ್ಟಿ, ಕಪ್ಪು ಹೊದ್ದು ಒಂದೇ ತೆರ ಕಾಣುತ್ತಿದ್ದರು. ನಗರದಲ್ಲಿ ಮುಸ್ಲಿಂ ಹೆಂಗಸರು ಹೆಚ್ಚಾಗಿ ಹಿಜಾಬಿಗೆ ಬಂದ ಮೇಲೆ ಬರಿದಲೆ ಎಂದರೆ ಕ್ರೈಸ್ತಳು ಎಂಬ ಊಹೆ ಬೆಳೆಯಿತು. ಹಿಜಾಬ್ ತೊಡದ ಮುಸ್ಲಿಂ ಹೆಂಗಸೂ ಕ್ರೈಸ್ತ ಹೆಂಗಸೂ ಬೀದಿಯಲ್ಲಿ ಎದ್ದು ಕಾಣುವಂತಾದರು. ಹೀಗೆ ಎದ್ದು ಕಾಣುವುದರ ಕಷ್ಟ ಏನೆಂದು ತಿಳಿಯಲು ಬೀದಿಗಿಳಿಯಬೇಕು.

ಹೋಗುವ ದಾರಿ

2013ರ ವಿಶ್ವಸಂಸ್ಥೆಯ ಮಹಿಳಾ ವಿಭಾಗದ ಸಮೀಕ್ಷೆಯಲ್ಲಿ ಈಜಿಪ್ಟಿನ ಶೇ. 99.3ರಷ್ಟು ಹೆಂಗಸರು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದಾಗಿ ಹೇಳಿದ್ದರು. ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು: ಇಷ್ಟು ಜನರಲ್ಲಿ ಹಿಜಾಬ್, ಅಬಾಯಾ ತೊಟ್ಟವರೂ ಇದ್ದಾರೆ. ಬಟ್ಟೆ ಕಿರುಕುಳವನ್ನು ತಡೆಯುತ್ತದೆ ಎಂಬ ಉಪದೇಶ ಆ ಅಂಕಿಯೆದುರು ನಿಲ್ಲುವುದಿಲ್ಲ. 2014ರಲ್ಲಿ ಕಿರುಕುಳವನ್ನು ಅಪರಾಧವೆಂದು ಕಾನೂನು ಬಿಡಿಸಿ ಹೇಳಿತು. ಆದರೂ ಬೆಳಿಗ್ಗೆ ಕಪಾಟು ತೆರೆದವಳು ಬೀದಿಯನ್ನು ನೆನೆಸಿಕೊಂಡೇ ಬಟ್ಟೆ ಆರಿಸುತ್ತಾಳೆ.

ಮೆಟ್ರೊ, ಮೈಕ್ರೊಬಸ್ಸುಗಳಲ್ಲಿ ಓಡಾಡುವವಳು ಮೇಲೊಂದು ಉದ್ದ ಅಂಗಿ ಹಾಕಿಕೊಂಡು ಹೊರಟು, ಕಚೇರಿಯಲ್ಲೋ ಗೆಳತಿಯ ಮನೆಯಲ್ಲೋ ಅದನ್ನು ತೆಗೆದಿಡುತ್ತಾಳೆ. ಮನೆಯ ಗ್ಯಾರೇಜಿನಿಂದ ಸ್ವಂತ ಕಾರಿನಲ್ಲಿ ಹೊರಟು ಗೇಟಿರುವ ಕಾಂಪೌಂಡಿನಲ್ಲೋ ಮಾಲಿನ ನೆಲಮಾಳಿಗೆಯಲ್ಲೋ ಇಳಿಯುವವಳಿಗೆ ಬೀದಿ ಎಂಬುದೇ ಇಲ್ಲ. ಕೈರೋದ ಪೂರ್ವಕ್ಕೆ ತಗಮ್ಮು, ಪಶ್ಚಿಮಕ್ಕೆ ಶೇಖ್ ಜಾಯೆದ್ ಎಂಬ ಹೊಸ ಬಡಾವಣೆಗಳು ಬೆಳೆದ ಹಾಗೆಲ್ಲ ತೋಳಿಲ್ಲದ ಉಡುಪು ತೊಡಬಹುದಾದ ಜಾಗಗಳೂ ಬೆಳೆದವು. ಆ ಜಾಗಗಳಿಗೆ ಹೋಗುವ ಸಾಮರ್ಥ್ಯವಿರುವವರು ಮಾತ್ರ ಬೆಳೆಯಲಿಲ್ಲ. ಉಡುಪಿನ ಸ್ವಾತಂತ್ರ್ಯ ಎನ್ನುವುದನ್ನು ಕೈರೋದಲ್ಲಿ ಬಹಳ ಸಲ ಪೆಟ್ರೋಲಿನ ಸಮೇತ ಕೊಳ್ಳಬೇಕು.

ಬೇಸಿಗೆಯಲ್ಲಿ ಈ ವಿಭಾಗ ಮೆಡಿಟರೇನಿಯನ್ ತೀರಕ್ಕೆ ಸ್ಥಳಾಂತರವಾಗುತ್ತದೆ. ಅಲೆಕ್ಸಾಂಡ್ರಿಯಾದಿಂದ ಪಶ್ಚಿಮಕ್ಕೆ ಚಾಚಿದ ಉತ್ತರ ಕರಾವಳಿಯನ್ನು ಸಾಹಿಲ್ ಎನ್ನುತ್ತಾರೆ. ಜನರ ಬಾಯಲ್ಲಿ ಅದು ಎರಡಾಗಿದೆ: ಹಳೆಯ ಮಧ್ಯಮ ವರ್ಗದ ರೆಸಾರ್ಟುಗಳಿರುವ ಕಡೆ ಒಳ್ಳೆಯ ಸಾಹಿಲ್, ಅತಿ ಸಿರಿವಂತರ ಹೊಸ ರೆಸಾರ್ಟುಗಳಿರುವ ಕಡೆ ಕೆಟ್ಟ ಸಾಹಿಲ್. ಮೊದಲನೆಯದರಲ್ಲಿ ಮೈ ಪೂರ್ತಿ ಮುಚ್ಚುವ ಬುರ್ಕಿನಿ, ಕುಟುಂಬ, ಮನೆಯಿಂದ ತಂದ ಊಟ. ಎರಡನೆಯದರಲ್ಲಿ ಲಿನನ್, ಬಿಕಿನಿ, ರಾತ್ರಿಯ ಸಂಗೀತ ಕಛೇರಿ. ಕೆಲವು ಈಜುಕೊಳಗಳಲ್ಲಿ ಬುರ್ಕಿನಿ ತೊಟ್ಟವರನ್ನು ನೀರಿಗಿಳಿಯಬೇಡಿ ಎಂದದ್ದು ಪ್ರತಿ ಬೇಸಿಗೆಯ ಜಗಳ. ಬಸ್ಸಿನಲ್ಲಿ ಬರಿದಲೆಯವಳು ಮುಜುಗರ ಪಟ್ಟರೆ ಇಲ್ಲಿ ಮುಚ್ಚಿಕೊಂಡವಳು ಮುಜುಗರ ಪಡಬೇಕು. ಎರಡೂ ಕಡೆ ಹೆಂಗಸಿನ ಬಟ್ಟೆಯ ಬಗ್ಗೆ ತೀರ್ಮಾನಿಸುವವರು ಬೇರೆಯವರೇ.

ಪೌಂಡು ಬಿದ್ದಾಗ

ಕಳೆದ ಹತ್ತು ವರ್ಷಗಳಲ್ಲಿ ಈಜಿಪ್ಟಿನವರ ಉಡುಗೆಯನ್ನು ಬದಲಿಸಿದ ದೊಡ್ಡ ಶಕ್ತಿ ಡಾಲರಿನ ದರ. 2016ರ ನವೆಂಬರಿನಲ್ಲಿ ಸರ್ಕಾರ ದೇಶದ ನಾಣ್ಯವಾದ ಈಜಿಪ್ಟ್ ಪೌಂಡಿನ ದರವನ್ನು ಮಾರುಕಟ್ಟೆಗೆ ಬಿಟ್ಟಾಗ ಡಾಲರಿಗೆ 9ರ ಆಸುಪಾಸಿನಲ್ಲಿದ್ದ ದರ ಕೆಲವೇ ವಾರಗಳಲ್ಲಿ 18ರ ಹತ್ತಿರ ಹೋಯಿತು. 2022ರಿಂದ ಮತ್ತೆ ಮತ್ತೆ ಕುಸಿದು, 2024ರ ಮಾರ್ಚಿನಲ್ಲಿ ಒಂದೇ ದಿನ 31ರಿಂದ 50ರ ಹತ್ತಿರಕ್ಕೆ ಜಿಗಿಯಿತು. ಸಂಬಳ ಮಾತ್ರ ಪೌಂಡಿನಲ್ಲೇ ಇತ್ತು. ವಿದೇಶಿ ಬ್ರಾಂಡಿನ ಒಂದು ಜಾಕೆಟ್ಟು ಮಧ್ಯಮ ವರ್ಗದ ತಿಂಗಳ ಸಂಬಳದ ದೊಡ್ಡ ತುಂಡನ್ನೇ ನುಂಗುವಂತಾಯಿತು. ಇದರ ಜೊತೆಗೆ 2016ರಲ್ಲೇ ಬಂದ ಆದೇಶವೊಂದರ ಪ್ರಕಾರ ಸಿದ್ಧ ಉಡುಪು ಸೇರಿ ಹಲವು ವಸ್ತುಗಳನ್ನು ಈಜಿಪ್ಟಿಗೆ ಕಳಿಸುವ ಹೊರದೇಶದ ಕಾರ್ಖಾನೆಗಳು ಮೊದಲು ನೋಂದಣಿ ಮಾಡಿಸಿಕೊಳ್ಳಬೇಕಾಯಿತು. ಆಮದಿನ ಹಾದಿ ಕಿರಿದಾಯಿತು.

ಜನ ಮೂರು ಕಡೆ ಹೊರಳಿದರು. ಮೊದಲನೆಯದು ಹಳೆ ಬಟ್ಟೆಯ ಮಾರುಕಟ್ಟೆ. ಕೈರೋದ ಬೂಲಾಕಿನಲ್ಲಿರುವ ವಿಕಾಲತ್ ಅಲ್ ಬಲಹ್, ಅಂದರೆ ಖರ್ಜೂರದ ಮಂಡಿ, ಈಗ ಬಟ್ಟೆಯ ಮಂಡಿ. ಯುರೋಪಿನಿಂದ ಬಂದ ಮೂಟೆಗಳನ್ನು ಬಾಲಾ ಎನ್ನುತ್ತಾರೆ. ಮೂಟೆ ಬಿಚ್ಚಿದ ಕೂಡಲೇ ಕಣ್ಣು ನುರಿತವರು ಒಳ್ಳೆಯ ಕೋಟು, ಚರ್ಮದ ಜಾಕೆಟ್ಟುಗಳನ್ನು ಬೇರೆ ಮಾಡಿ ಇಸ್ತ್ರಿ ಹಾಕಿ ತೂಗುತ್ತಾರೆ, ಮಿಕ್ಕದ್ದು ರಾಶಿಗೆ ಬೀಳುತ್ತದೆ, ರಾಶಿಯಲ್ಲಿ ಬೆಲೆ ಅಗ್ಗ. ಒಂದು ಕಾಲದಲ್ಲಿ ಬಡವರ ಜಾಗವಾಗಿದ್ದ ಇಲ್ಲಿಗೆ ಈಗ ವಿಶ್ವವಿದ್ಯಾಲಯದ ಹುಡುಗರು, ಬ್ಯಾಂಕಿನ ನೌಕರರು ಬರುತ್ತಾರೆ. ಆರಿಸಿ ತೊಳೆದು ಇನ್‌ಸ್ಟಾಗ್ರಾಮಿನಲ್ಲಿ ಮಾರುವವರೂ ಹುಟ್ಟಿಕೊಂಡಿದ್ದಾರೆ.

ಎರಡನೆಯದು ಸ್ಥಳೀಯ ಬ್ರಾಂಡು. ಕಾಂಕ್ರೀಟ್, ಮೊಬಾಕೊ, ಟೌನ್ ಟೀಮ್, ಕಾಟನಿಲ್‌ನಂಥ ಹೆಸರುಗಳು ಹಿಂದಿನಿಂದಲೂ ಇದ್ದವು. ಆಮದು ಕೈಗೆಟುಕದಾದಾಗ ಅವುಗಳಿಗೂ, ಅವುಗಳ ಜೊತೆ ಹುಟ್ಟಿದ ನೂರಾರು ಸಣ್ಣ ಬ್ರಾಂಡುಗಳಿಗೂ ಗಿರಾಕಿ ಸಿಕ್ಕರು. ಅರಬ್ಬಿ ಅಕ್ಷರಗಳನ್ನು ಅಚ್ಚು ಹಾಕಿದ ದೊಗಲೆ ಟೀಶರ್ಟು, ಹೂಡಿಗಳಲ್ಲಿ ವೆಗ್ಜ್, ಮರ್ವಾನ್ ಪಾಬ್ಲೊರಂಥ ರ್‍ಯಾಪ್ ಗಾಯಕರನ್ನು ಕೇಳಿ ಬೆಳೆದ ತಲೆಮಾರು ತನ್ನದೆನ್ನುವ ಬಟ್ಟೆ ಕಂಡುಕೊಂಡಿದೆ. ರಂಜಾನಿನಲ್ಲಿ ಡೇರೆಗಳಿಗೆ ಹಾಕುವ ಖಯಾಮಿಯ್ಯಾ ಚಿತ್ತಾರದ ಗಲಾಬಿಯ್ಯಾ, ಕಫ್ತಾನುಗಳನ್ನು ಸಿರಿವಂತ ಹೆಂಗಸರೂ ತೊಟ್ಟು ನಸುಕಿನ ಊಟವಾದ ಸಹರಿಯ ಕೂಟಕ್ಕೆ ಹೋಗುತ್ತಾರೆ. ಬಾಗಿಲಲ್ಲಿ ತಡೆಯುತ್ತಿದ್ದ ನಿಲುವಂಗಿಯೇ ಬೇರೆ ಬೆಲೆಯ ಚೀಟಿ ಹೊತ್ತು ಒಳಗೆ ಬಂದಿದೆ. ಇದನ್ನು ಕಂಡು ಸಂತೋಷಪಡುವಾಗಲೂ ಆ ಸಯೀದಿ ಹಿರಿಯನಿಗೆ ಅದರಿಂದ ಏನೂ ಬದಲಾಗಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಮೂರನೆಯದು ಕಂತು. ಫೋನಿನ ಆ್ಯಪಿನಲ್ಲಿ ಸಾಲ ಮಾಡಿ ಈದಿನ ಹೊಸ ಬಟ್ಟೆ ಕೊಳ್ಳುವುದು ಈಗ ಮಾಮೂಲು. ಅದಕ್ಕೂ ಹಳೆಯದು ಗಮಿಯ್ಯಾ, ಥೇಟ್ ನಮ್ಮ ಚೀಟಿ: ತಿಂಗಳಿಗಿಷ್ಟೆಂದು ಎಲ್ಲರೂ ಹಾಕುವುದು, ಸರದಿಯಂತೆ ಒಬ್ಬೊಬ್ಬರು ಎತ್ತುವುದು. ಇದು ಹೆಚ್ಚಾಗಿ ಹೋಗುವುದು ಮಗಳ ಗಿಹಾಜಿಗೆ. ಮದುವೆಯಾಗುವ ಹುಡುಗಿ ಹೊಸ ಮನೆಗೆ ಒಯ್ಯುವ ಪಾತ್ರೆ, ಹಾಸಿಗೆ ಬಟ್ಟೆ, ಉಡುಪುಗಳ ರಾಶಿಯೇ ಗಿಹಾಜ್. ಹಳ್ಳಿಗಳಲ್ಲಿ ಅಬಾಯಾ, ಮನೆಯ ಗಲಾಬಿಯ್ಯಾ, ರಾತ್ರಿಯ ಉಡುಪು, ಟವೆಲುಗಳನ್ನು ಡಜನುಗಟ್ಟಲೆ ಕೂಡಿಸಿ, ಗಾಡಿಗಳಲ್ಲಿ ಹೇರಿ ಊರೆಲ್ಲ ನೋಡುವಂತೆ ಮೆರವಣಿಗೆ ಮಾಡುತ್ತಾರೆ. ಎಷ್ಟೋ ಬಟ್ಟೆಯನ್ನು ಆಕೆ ಎಂದೂ ತೊಡುವುದಿಲ್ಲ. ಇದಕ್ಕಾಗಿ ಅಂಗಡಿಯವನಿಗೆ ಖಾಲಿ ಪತ್ರಕ್ಕೆ ಸಹಿ ಹಾಕಿ ಕೊಟ್ಟು, ಕಂತು ಕಟ್ಟಲಾಗದೆ ಜೈಲಿಗೆ ಹೋದ ತಾಯಂದಿರಿಗೆ ಗಾರಿಮಾತ್, ಅಂದರೆ ಸಾಲಗಾರ್ತಿಯರು, ಎಂಬ ಹೆಸರೇ ಬಿದ್ದಿದೆ. ಅವರನ್ನು ಬಿಡಿಸಲು ದಾನಿಗಳು, ಸಂಘಟನೆಗಳು ಹಣ ಕೂಡಿಸುತ್ತವೆ. ಫ್ಯಾಷನ್ ಕುರಿತ ಬರಹಗಳಲ್ಲಿ ಇವರ ಮಾತು ಬರುವುದಿಲ್ಲ. ನನ್ನ ಮಟ್ಟಿಗೆ ಈಜಿಪ್ಟಿನ ಬಟ್ಟೆಯ ಕಥೆಯಲ್ಲಿ ಮೊದಲು ಬರಬೇಕಾದವರೇ ಇವರು.

ಹತ್ತಿ ಯಾರದು

ಈಜಿಪ್ಟ್ ಎಂದರೆ ಹತ್ತಿ. 1820ರ ದಶಕದಲ್ಲಿ ಮುಹಮ್ಮದ್ ಅಲಿ ನೀಳ ಎಳೆಯ ಹತ್ತಿಯನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿದ. 1861–65ರ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಲಂಕಾಷೈರಿನ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತಾಗ ಇಲ್ಲಿನ ಬೆಳೆಗೆ ಚಿನ್ನದ ಬೆಲೆ ಬಂತು. 1920ರಲ್ಲಿ ತಲಾತ್ ಹರ್ಬ್ ಸ್ಥಾಪಿಸಿದ ಮಿಸ್ರ್ ಬ್ಯಾಂಕು 1927ರಲ್ಲಿ ಮಹಲ್ಲಾ ಅಲ್ ಕುಬ್ರಾ ನಗರದಲ್ಲಿ ನೂಲುವ, ನೇಯುವ ಕಾರ್ಖಾನೆ ಕಟ್ಟಿತು. ನಮ್ಮ ಹತ್ತಿ, ನಮ್ಮ ಬಟ್ಟೆ ಎಂಬ ಹಂಬಲ ಅದರ ಹಿಂದಿತ್ತು. ಅದೇ ಮಹಲ್ಲಾದ ಕಾರ್ಮಿಕರು 2006ರ ಡಿಸೆಂಬರಿನಲ್ಲಿ ಹೂಡಿದ ಮುಷ್ಕರ 2011ರ ಜನಾಂದೋಲನಕ್ಕೆ ದಾರಿ ಮಾಡಿದ ಘಟನೆಗಳಲ್ಲಿ ಒಂದು.

ಆದರೂ ಕೈರೋದ ಸಾಮಾನ್ಯ ಮನುಷ್ಯನ ಮೈಮೇಲೆ ಆ ಹೆಸರಾಂತ ಹತ್ತಿ ಇರುವುದು ಅಪರೂಪ. ಗಿಜಾ ಹೆಸರಿನ ತಳಿಗಳ ನೀಳ ಎಳೆ ಬಲು ಸಣ್ಣ, ನುಣುಪು ನೂಲಿಗೆ ಹೇಳಿ ಮಾಡಿಸಿದ್ದು. ಅದರಿಂದ ದುಬಾರಿ ಅಂಗಿ, ಹೋಟೆಲಿನ ಹಾಸಿಗೆ ಬಟ್ಟೆ ಆಗುತ್ತದೆ. ಜೀನ್ಸಿಗೆ, ಟೀಶರ್ಟಿಗೆ ದಪ್ಪ ನೂಲು, ಗಿಡ್ಡ ಎಳೆ ಸಾಕು. ಹೀಗಾಗಿ ದೇಶ ತನ್ನ ಒಳ್ಳೆಯ ಹತ್ತಿಯನ್ನು ಮಾರಿ, ಅಗ್ಗದ ಹತ್ತಿ, ನೂಲು, ಪಾಲಿಯೆಸ್ಟರನ್ನು ಕೊಳ್ಳುತ್ತದೆ. ಆ ಒಳ್ಳೆಯ ಹತ್ತಿಯನ್ನು ಕೊಳ್ಳುವ ದೊಡ್ಡ ಗಿರಾಕಿಗಳಲ್ಲಿ ಭಾರತವೂ ಒಂದು. ನಮ್ಮ ಧಾರವಾಡದಲ್ಲಿ ರೂಪುಗೊಂಡ ಡಿಸಿಎಚ್-32 ಎಂಬ ನೀಳ ಎಳೆಯ ಸಂಕರ ಹತ್ತಿಯ ಒಂದು ಮೂಲವೂ ಈಜಿಪ್ಟಿನ ಹತ್ತಿ ಸೇರಿದ ಬಾರ್ಬಡೆನ್ಸ್ ಜಾತಿಯದೇ.

ಸಿದ್ಧ ಉಡುಪಿನ ರಫ್ತಿನದು ಇನ್ನೊಂದು ಲೆಕ್ಕ. 2004ರಲ್ಲಿ ಅಮೆರಿಕ, ಇಸ್ರೇಲಿನ ಜೊತೆ ಆದ ಒಪ್ಪಂದದ ಪ್ರಕಾರ ನಿಗದಿತ ವಲಯಗಳಲ್ಲಿ ತಯಾರಾದ ಉಡುಪಿನಲ್ಲಿ ಇಂತಿಷ್ಟು ಪಾಲು ಇಸ್ರೇಲಿನ ಸಾಮಗ್ರಿ ಇದ್ದರೆ ಅಮೆರಿಕಕ್ಕೆ ಸುಂಕವಿಲ್ಲದೆ ಹೋಗಬಹುದು ಎಂದಿತ್ತು. ಮೊದಲು ಶೇ. 11.7 ಇದ್ದ ಆ ಪಾಲು 2007ರಲ್ಲಿ ಶೇ. 10.5ಕ್ಕೆ ಇಳಿಯಿತು. ಪೋರ್ಟ್ ಸಯೀದ್, ಇಸ್ಮಾಯಿಲಿಯಾದಲ್ಲಿ ಹೊಲಿದ ಜೀನ್ಸು ಈ ದಾರಿಯಲ್ಲಿ ಹಡಗು ಹತ್ತುತ್ತದೆ. ಅದನ್ನು ಹೊಲಿದ ಹುಡುಗಿ ತಾನು ತೊಡುವ ಜೀನ್ಸನ್ನು ಅತಬಾ ಮಾರುಕಟ್ಟೆಯ ರಾಶಿಯಿಂದ ಆರಿಸುತ್ತಾಳೆ.

ಕುಶಲ ಕೈಗಳ ಸ್ಥಿತಿಯೂ ಹೆಚ್ಚು ಬೇರೆಯಲ್ಲ. ಜಾಲರಿ ಬಟ್ಟೆಯ ಮೇಲೆ ಲೋಹದ ತೆಳು ಪಟ್ಟಿಯನ್ನು ಸೂಜಿಯಿಂದ ತೂರಿಸಿ ಮಡಚಿ ಚಿತ್ತಾರ ಬಿಡಿಸುವ ಅಸ್ಯೂತಿನ ತಲ್ಲಿ ಕಸೂತಿಗೆ, 1922ರಲ್ಲಿ ತುತನ್‌ಖಾಮನ್ ಸಮಾಧಿ ಸಿಕ್ಕ ಮೇಲೆ, ಯುರೋಪ್ ಅಮೆರಿಕದ ಸಿರಿವಂತ ಹೆಂಗಸರು ಮುಗಿಬಿದ್ದಿದ್ದರು. ಆಮೇಲೆ ಅದು ಕಣ್ಮರೆಯಾಗುವ ಹಂತಕ್ಕೆ ಬಂದು, ಈಗ ಸೊಹಾಗಿನ ಶಂದವೀಲ್ ದ್ವೀಪದ ಹೆಂಗಸರ ಕೈಯಲ್ಲಿ ಮತ್ತೆ ಉಸಿರಾಡುತ್ತಿದೆ. ಮೇಲಿನ ಈಜಿಪ್ಟಿನ ಕೈಮಗ್ಗವನ್ನು ಯುನೆಸ್ಕೊ 2020ರಲ್ಲಿ ತುರ್ತಾಗಿ ಉಳಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. 2022ರ ಡಿಸೆಂಬರಿನಲ್ಲಿ ಪ್ಯಾರಿಸಿನ ದಿಯೋರ್ ಫ್ಯಾಷನ್ ಕಂಪನಿ ಗಿಜಾದ ಪಿರಮಿಡ್ಡುಗಳ ಎದುರು ಗಂಡಸರ ಉಡುಪಿನ ಪ್ರದರ್ಶನ ನಡೆಸಿ ಜಗತ್ತಿನ ಗಮನ ಸೆಳೆಯಿತು. ಅಂಥ ಗಮನದ ಒಂದು ಪಾಲು ಮೇಲಿನ ಈಜಿಪ್ಟಿನ ನೇಕಾರರ ಊರು ಅಖ್ಮೀಮಿನ ಮಗ್ಗಗಳ ಕಡೆಗೂ ಹರಿಯಬೇಕು ಎಂದು ಶಹೀರಾ ಮೆಹ್ರೆಜರಂಥವರು ದಶಕಗಳಿಂದ ದುಡಿಯುತ್ತಿದ್ದಾರೆ. ಹಳ್ಳಿ ಹಳ್ಳಿ ಸುತ್ತಿ ಹಳೆಯ ಉಡುಪುಗಳನ್ನು ಕೂಡಿಸಿದ ಅವರ ಸಂಗ್ರಹದಲ್ಲಿ, ಕಪ್ಪು ಅಬಾಯಾ ಬರುವ ಮುಂಚೆ ಸಿವಾ, ಸಿನಾಯ್, ನೂಬಿಯಾ, ನೈಲ್ ಮುಖಜಭೂಮಿಯ ಹೆಂಗಸರು ಊರೂರಿಗೆ ಬೇರೆ ಬೇರೆಯಾಗಿ ಉಡುತ್ತಿದ್ದುದಕ್ಕೆ ಬಟ್ಟೆಯದೇ ಸಾಕ್ಷಿಯಿದೆ. ಹೊಸ ವಿನ್ಯಾಸಕಾರರಲ್ಲಿ ಕೆಲವರು ಈಗ ಆ ಹೊಲಿಗೆಗಳನ್ನು ನೋಡಿ ಕಲಿಯುತ್ತಿದ್ದಾರೆ. ಅವರು ಹೊಲಿಯುವ ಉಡುಪು ಸದ್ಯಕ್ಕೆ ತಗಮ್ಮುವಿನ ಮಳಿಗೆಗಳವರೆಗೆ ಬಂದಿದೆ, ಮೆಟ್ರೊ ಹತ್ತಿಲ್ಲ.